ಕೃತ್ತಿಕೆಯನ್ನು ಆಚೆಯಿಂದ ಕಂಡಂತೆ

ಶಾಸ್ತ್ರವನ್ನು ಓದದವರೂ ಕಂಡೊಡನೆ ಗುರುತಿಸಬಲ್ಲ ನಕ್ಷತ್ರಪುಂಜಗಳು ಆಕಾಶದಲ್ಲಿ ಬಹಳ ಇಲ್ಲ. ಇರುವ ಕೆಲವುಗಳಲ್ಲಿ ಕೃತ್ತಿಕೆಯೇ ಮೊದಲನೆಯದೆಂದು ನನ್ನ ಎಣಿಕೆ. ಕಾರ್ತಿಕಮಾಸದಲ್ಲಿ ಸಂಜೆಯ ದೀಪವನ್ನು ಹೊಸಲಿನ ಬಳಿ ಇಟ್ಟು, ನಾಲ್ಕಾರು ಗಳಿಗೆ ಕಳೆದ ಮೇಲೆ ಅಂಗಳಕ್ಕೆ ಬಂದು ತಲೆಯೆತ್ತಿದರೆ, ಪೂರ್ವದಲ್ಲಿ ತುಸು ಉತ್ತರಕ್ಕೆ ಸರಿದು, ಬೊಗಸೆಯ ಮಲ್ಲಿಗೆಮೊಗ್ಗನ್ನು ಒತ್ತೊತ್ತಾಗಿ ಚೆಲ್ಲಿದಂತೆ ತೋರುವ ಗುಂಪು ಅದೇ. ವೇದಕಾಲದ ನಕ್ಷತ್ರಗಣನೆಯು ಅಶ್ವಿನಿಯಿಂದಲ್ಲ, ಕೃತ್ತಿಕೆಯಿಂದಲೇ ಆರಂಭವಾಗುತ್ತಿದ್ದಿತು. ತೈತ್ತಿರೀಯ ಶಾಖೆಯವರು ಅಲ್ಲಿ ಏಳು ತಾರೆಗಳನ್ನು ಎಣಿಸಿ ಅಂಬಾ, ದುಲಾ, ನಿತತ್ನಿ, ಅಭ್ರಯಂತೀ, ಮೇಘಯಂತೀ, ವರ್ಷಯಂತೀ, ಚುಪುಣೀಕಾ ಎಂದು ಒಬ್ಬೊಬ್ಬಳಿಗೂ ಹೆಸರಿಟ್ಟರು. ಪುರಾಣಗಳು ಆರು ಮಂದಿ ತಾಯಂದಿರೆಂದವು. ಜ್ಯೋತಿಷಿಗಳು ಅದೇ ಆರು ಚುಕ್ಕೆಗಳಲ್ಲಿ ಕ್ಷೌರದ ಕತ್ತಿಯ ಆಕಾರವನ್ನು ಕಂಡರು. ಮೋಡ ಮಳೆಗಳ ಹೆಸರನ್ನು ಹೊತ್ತ ಈ ತಾರೆಗಳ ಬಳಿಗೆ ಸೂರ್ಯನು ಬಂದಾಗ, ಅಂದರೆ ಮೇ ತಿಂಗಳಿನಲ್ಲಿ, ಬೀಳುವ ಮಳೆಯನ್ನು ನಮ್ಮ ರೈತರು ಇಂದಿಗೂ ಕೃತ್ತಿಕೆಯ ಮಳೆಯೆಂದೇ ಕರೆಯುವರು.

ಇಷ್ಟು ಜನರ ಇಷ್ಟು ಬಗೆಯ ದೃಷ್ಟಿಗೆ ಒಂದು ಅಂಶ ಮಾತ್ರ ಸಮಾನವಾಗಿತ್ತು. ಅವರೆಲ್ಲರೂ ನೋಡಿದ್ದು ಈ ಭೂಮಿಯ ಮೇಲೆ ನಿಂತು. ಕೃತ್ತಿಕೆಯ ಆಚೆಯ ಮಗ್ಗುಲು ಹೇಗಿದ್ದೀತು, ಅಲ್ಲಿ ನಿಂತವನಿಗೆ ಆ ಕತ್ತಿ ಕತ್ತಿಯಂತೆಯೇ ತೋರೀತೆ, ಎಂಬ ಪ್ರಶ್ನೆಯನ್ನು ನಾನು ಮೂವತ್ತು ವರುಷಕ್ಕೂ ಮೇಲ್ಪಟ್ಟು ಪಾಠ ಹೇಳಿದ ಕಾಲದಲ್ಲಿ ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ನಿವೃತ್ತನಾದ ಮೇಲೆ ಕೇಳಿದವಳು ನನ್ನ ಮೊಮ್ಮಗಳು. ಅವಳಿಗೀಗ ಒಂಬತ್ತು ವರುಷ. ತಂದೆತಾಯಿಗಳೊಡನೆ ನ್ಯೂಜಿಲೆಂಡ್ ದೇಶದ ಆಕ್ಲೆಂಡ್ ನಗರದಲ್ಲಿದ್ದಾಳೆ.

ಆ ದೇಶದ ಮೂಲನಿವಾಸಿಗಳಾದ ಮಾವೊರಿ ಜನರು ಕೃತ್ತಿಕೆಯನ್ನು ಮಾತಾರಿಕಿ ಎನ್ನುವರು. ಚಳಿಗಾಲದ ನಡುವೆ, ಜೂನ್ ಅಥವಾ ಜುಲೈ ತಿಂಗಳಿನಲ್ಲಿ, ಅದು ಅರುಣೋದಯಕ್ಕೆ ಮುಂಚೆ ಈಶಾನ್ಯದಲ್ಲಿ ಮತ್ತೆ ಕಾಣಿಸಿಕೊಂಡಾಗ ಅವರಿಗೆ ಹೊಸ ವರ್ಷ. ಆ ವರ್ಷದಲ್ಲಿ ತೀರಿಕೊಂಡವರನ್ನು ಅಂದು ಹೆಸರು ಹೇಳಿ ನೆನೆಯುವುದು ಅವರ ಸಂಪ್ರದಾಯ. 2022ರಿಂದ ಅದು ಆ ದೇಶಕ್ಕೆಲ್ಲ ರಜಾದಿನವಾಗಿದೆ. ಶಾಲೆಯಲ್ಲಿ ಆ ಹಬ್ಬಕ್ಕಾಗಿ ಮೊಮ್ಮಗಳು ಮಾತಾರಿಕಿಯ ಚಿತ್ರವನ್ನು ಬರೆದು, ಅದರ ಛಾಯಾಚಿತ್ರವನ್ನು ದೂರವಾಣಿಯ ಮೂಲಕ ನನಗೆ ಕಳುಹಿಸಿದಳು. ಪ್ರತಿಯಾಗಿ ನಾನು ನನ್ನ ಬಳಿಯಿದ್ದ ಆಕಾಶದ ಪಟವನ್ನು ಅನುಸರಿಸಿ, ಕಾಡಿಗೆ ಬಳಿದ ಕಾಗದದ ಮೇಲೆ ಬಿಳಿಯ ಬಣ್ಣದ ಚುಕ್ಕಿಗಳನ್ನಿಟ್ಟು ಒಂದು ಚಿತ್ರವನ್ನು ಕಳುಹಿಸಿದೆನು. "ತಾತ, ನಿನ್ನದು ತಲೆಕೆಳಗಾಗಿದೆ" ಎಂದಳು. "ನಮ್ಮ ಕಡೆಯವರಿಗೆ ನಿನ್ನದೇ ತಲೆಕೆಳಗು" ಎಂದೆನು. ಎರಡು ದಿನ ಈ ವಾಗ್ವಾದ ನಡೆಯಿತು.

ಇದರ ಲೆಕ್ಕ ಕಷ್ಟವಾದುದಲ್ಲ. ಅಚ್ಚಾದ ಪಟಗಳಲ್ಲಿ ಉತ್ತರವನ್ನು ಮೇಲೆ ಬರೆಯುವುದು ರೂಢಿ. ಆಕ್ಲೆಂಡಿನವರಾದರೋ ಕೃತ್ತಿಕೆಯನ್ನು ನೋಡಬೇಕಾದರೆ ಉತ್ತರಕ್ಕೆ ಮುಖಮಾಡಬೇಕು. ಅದು ಆಕಾಶದಲ್ಲಿ ಅತ್ಯುನ್ನತವಾಗಿ ನಿಂತಾಗಲೂ ಅವರಿಗೆ ದಿಗಂತದಿಂದ 29 ಅಂಶದಷ್ಟು ಮಾತ್ರ ಎತ್ತರ. ಆದುದರಿಂದ ಅವರ ಕಣ್ಣಿಗೆ ಪುಂಜದ ಉತ್ತರದ ಅಂಚು ಕೆಳಗಾಗಿ ತೋರುವುದು. ಮೈಸೂರಿನಲ್ಲಿರುವ ನಮಗೆ ಅದು ಹೆಚ್ಚುಕಡಮೆ ನೆತ್ತಿಯ ಮೇಲೆಯೇ, ಕೇವಲ 12 ಅಂಶ ಉತ್ತರಕ್ಕೆ ಸರಿದು, ಹಾದುಹೋಗುವುದು. ನೆತ್ತಿಯ ಮೇಲಿರುವ ವಸ್ತುವಿಗೆ ಮೇಲು ಕೆಳಗುಗಳೆಂಬ ಕಟ್ಟಿಲ್ಲ. ಮಹಡಿಯ ಮೇಲೆ ಚಾಪೆ ಹಾಸಿ ತಲೆಯನ್ನು ಎತ್ತ ಇಟ್ಟು ಮಲಗಿದೆವೋ ಅದಕ್ಕೆ ತಕ್ಕ ಚಿತ್ರ. ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂದು ನಮ್ಮ ಹಿರಿಯರು ಹೇಳುವರಷ್ಟೆ. ದಕ್ಷಿಣಕ್ಕೆ ತಲೆಯಿಟ್ಟು ಮಲಗಿದವನಿಗೆ ಕಾಣುವ ಕೃತ್ತಿಕೆಯೂ ಆಕ್ಲೆಂಡಿನ ಹುಡುಗಿಯು ನಿಂತು ನೋಡುವ ಕೃತ್ತಿಕೆಯೂ ಒಂದೇ ಭಂಗಿಯಲ್ಲಿರುವುವು. ಇದನ್ನು ವಿವರಿಸಿದಾಗ ಅವಳು ಗೆದ್ದವಳಂತೆ ನಕ್ಕಳು.

ನಕ್ಕ ಮರುಕ್ಷಣವೇ ಅವಳು ಕೇಳಿದ ಪ್ರಶ್ನೆಯು ಈ ಲೇಖನಕ್ಕೆ ಕಾರಣ. "ತಾತ, ನೀನೂ ಇಲ್ಲದ ನಾನೂ ಇಲ್ಲದ ಕಡೆಯಿಂದ ಬರೆದರೆ ಯಾರದು ಸರಿಯೆಂದು ಗೊತ್ತಾಗುತ್ತದಲ್ಲವೆ? ನಕ್ಷತ್ರಗಳ ಹಿಂದಕ್ಕೆ ಹೋಗಿ ಬರಿ" ಎಂದಳು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಮತ್ತೊಂದು ಸಂಗತಿ ನಡೆದಿದ್ದಿತು. ಮಗಳೂ ಅಳಿಯನೂ ಅಲ್ಲಿಯೇ ನೆಲೆಸುವುದೆಂದು ನಿಶ್ಚಯಿಸಿ, ಸಾಲ ಮಾಡಿ ಮನೆಯನ್ನು ಕೊಂಡಿದ್ದರು. ಮೊದಲು ಎರಡು ವರ್ಷವೆಂದು ಹೋದವರು, ಆಮೇಲೆ ಐದು ವರ್ಷವೆಂದರು, ಈಗ ವರ್ಷದ ಲೆಕ್ಕವನ್ನೇ ಬಿಟ್ಟರು. ಅದರಲ್ಲಿ ತಪ್ಪೇನೂ ಇಲ್ಲ. ಆದರೂ ಆ ಸುದ್ದಿ ಬಂದ ದಿನ ನನ್ನ ಮನೆಯಾಕೆ, ಮಗಳಿಗೆಂದು ಇಟ್ಟಿದ್ದ ಮೇಲಿನ ಕೋಣೆಯ ಮಂಚದಿಂದ ಹಾಸಿಗೆಯನ್ನು ತೆಗೆದು ಸುತ್ತಿಟ್ಟಳು. ನಾನು ಏನನ್ನೂ ಕೇಳಲಿಲ್ಲ. ಆ ಬರಿದಾದ ಕೋಣೆಯಲ್ಲಿಯೇ ಬಣ್ಣದ ಬಟ್ಟಲುಗಳನ್ನು ಇಟ್ಟುಕೊಂಡು ಕೆಲಸಕ್ಕೆ ತೊಡಗಿದೆನು.

ಕೃತ್ತಿಕೆಯ ಹಿಂದಕ್ಕೆ ಹೋಗಬೇಕಾದರೆ ಮೊದಲು ಅದರ ದೂರ ತಿಳಿಯಬೇಕು. ವಾಚಕರು ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬಹುದು. ತೋಳನ್ನು ಚಾಚಿ ಹೆಬ್ಬೆರಳನ್ನು ನಿಲ್ಲಿಸಿ, ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಮುಚ್ಚಿದರೆ ಹೆಬ್ಬೆರಳು ಗೋಡೆಯ ಮೇಲೆ ಅತ್ತಿತ್ತ ಸರಿದಂತೆ ತೋರುವುದು. ಆ ಸರಿತದಿಂದಲೇ ದೂರವನ್ನು ಗಣಿಸಬಹುದು. ಭೂಮಿಯು ಆರು ತಿಂಗಳಿಗೊಮ್ಮೆ ಸೂರ್ಯನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೋಗುವುದರಿಂದ ಖಗೋಳಶಾಸ್ತ್ರಜ್ಞರಿಗೆ ಅವೆರಡೂ ಎರಡು ಕಣ್ಣುಗಳಿದ್ದಂತೆ. ಕೃತ್ತಿಕೆಯ ಸರಿತವು ಅತ್ಯಲ್ಪವಾದುದು. ಸೂರ್ಯನಿಗೂ ಭೂಮಿಗೂ ಇರುವ ಅಂತರವನ್ನೇ ಮಾನವಾಗಿಟ್ಟುಕೊಂಡರೆ, ಅದು ಒಂದು ವಿಕಲೆಯ 136ನೆಯ ಒಂದು ಭಾಗ. ವಿಕಲೆಯೆಂದರೆ ಒಂದು ಅಂಶದ 3600ನೆಯ ಭಾಗ. ಹಿಪ್ಪಾರ್ಕಸ್ ಎಂಬ ಉಪಗ್ರಹದ ಅಳತೆಗಳು 1997ರಲ್ಲಿ ಪ್ರಕಟವಾದಾಗ ಕೃತ್ತಿಕೆಯ ದೂರವು 400 ಜ್ಯೋತಿರ್ವರ್ಷಗಳಿಗಿಂತ ಕಡಮೆಯೆಂದು ಬಂದು ವಿದ್ವಾಂಸರಲ್ಲಿ ವಾದವೆದ್ದಿತು. 2014ರಲ್ಲಿ ರೇಡಿಯೋ ದೂರದರ್ಶಕಗಳೂ, ಆ ಬಳಿಕ ಗಾಯಾ ಎಂಬ ಮತ್ತೊಂದು ಉಪಗ್ರಹವೂ ಅಳೆದು, ಅದು ಸುಮಾರು 440 ಜ್ಯೋತಿರ್ವರ್ಷಗಳೆಂದು ನಿರ್ಣಯವಾಯಿತು. ಒಂದು ಜ್ಯೋತಿರ್ವರ್ಷವೆಂದರೆ ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದಾರಿ, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರು. ಇಂದು ರಾತ್ರಿ ನಮ್ಮ ಕಣ್ಣನ್ನು ಮುಟ್ಟುವ ಬೆಳಕು ಅಲ್ಲಿಂದ ಹೊರಟಾಗ ತಾಳಿಕೋಟೆಯ ಯುದ್ಧ ನಡೆದು ಕೆಲವು ವರ್ಷಗಳು ಮಾತ್ರ ಕಳೆದಿದ್ದವು.

ಈ ಲೆಕ್ಕವನ್ನು ಬರೆದುಕೊಳ್ಳುತ್ತಿದ್ದಾಗ ಒಂದು ವಿಚಾರವು ಮನಸ್ಸಿಗೆ ನಾಟಿತು. ಒಂದೇ ಸ್ಥಳದಲ್ಲಿ ನಿಂತವನಿಗೆ ದಿಕ್ಕು ತಿಳಿದೀತು, ದೂರ ತಿಳಿಯದು. ದೂರ ತಿಳಿಯಬೇಕಾದರೆ ಎರಡು ನೆಲೆಗಳು ಬೇಕು, ಆ ನೆಲೆಗಳ ನಡುವೆ ಅಂತರವೂ ಬೇಕು. ಹಿರಿಯರು ನಕ್ಷತ್ರಗಳನ್ನೆಲ್ಲ ಒಂದೇ ಗೋಳದ ಒಳಮೈಗೆ ಅಂಟಿಸಿದ ಬೊಟ್ಟುಗಳೆಂಬಂತೆ ಚಿತ್ರಿಸಿದುದು ಸಹಜವೇ ಸರಿ. ರೋಹಿಣಿಯನ್ನು ನಾವು ಕೃತ್ತಿಕೆಯ ನೆರೆಮನೆಯವಳೆಂದು ತಿಳಿದಿರುವೆವು. ಆದರೆ ಅವಳು ಇರುವುದು ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷಗಳಲ್ಲಿ. ಕೃತ್ತಿಕೆಗೆ ಹೊರಟ ಪಥಿಕನಿಗೆ ರೋಹಿಣಿಯು ದಾರಿಯ ಏಳನೆಯ ಒಂದು ಪಾಲು ಸಾಗುವಷ್ಟರಲ್ಲಿಯೇ ಹಿಂದೆ ಬೀಳುವಳು.

ಮನೋರಥವನ್ನೇರಿ ನಾನೂ ಹೊರಟೆನು. ಅರ್ಧ ದಾರಿಯಲ್ಲಿ ಕೃತ್ತಿಕೆಯು ಎರಡರಷ್ಟು ಅಗಲವಾಗಿಯೂ ಒಂದೊಂದು ತಾರೆಯು ನಾಲ್ಕರಷ್ಟು ಕಾಂತಿಯುಳ್ಳದ್ದಾಗಿಯೂ ತೋರುವುದು. ಬರಿಗಣ್ಣಿಗೆ ಆರೇಳು ತಾರೆಗಳಿದ್ದ ಕಡೆ ಇನ್ನೂ ಹಲವು ಹುಟ್ಟಿಕೊಳ್ಳುವುವು. ಗೆಲಿಲಿಯೋ 1610ರಲ್ಲಿ ತನ್ನ ದೂರದರ್ಶಕದಿಂದ ನೋಡಿ ಇದೇ ಪುಂಜದಲ್ಲಿ 36 ತಾರೆಗಳನ್ನು ಚಿತ್ರಿಸಿದನು. ಇಂದು ಗೊತ್ತಾಗಿರುವುವು ಸಾವಿರಕ್ಕೂ ಮಿಗಿಲು. ಅವು ಅಕಸ್ಮಾತ್ತಾಗಿ ಒಂದೆಡೆ ತೋರುವ ನಕ್ಷತ್ರಗಳಲ್ಲ, ನಿಜವಾಗಿಯೂ ಒಂದು ಕುಟುಂಬವೆಂಬುದನ್ನು ಜಾನ್ ಮಿಚೆಲ್ ಎಂಬ ಆಂಗ್ಲ ಪಾದ್ರಿಯು 1767ರಲ್ಲಿ ಗಣಿತದಿಂದಲೇ ವಾದಿಸಿದನು. ಇಷ್ಟು ಹೊಳೆಯುವ ತಾರೆಗಳು ಹೀಗೆ ಆಕಸ್ಮಿಕವಾಗಿ ಒತ್ತುಗೂಡುವ ಸಂಭವವು ಐದು ಲಕ್ಷದಲ್ಲಿ ಒಂದು ಮಾತ್ರವೆಂದು ಅವನ ಲೆಕ್ಕ. ಒಂದೇ ಮೇಘದಿಂದ ಸುಮಾರು 10 ಕೋಟಿ ವರ್ಷಗಳ ಹಿಂದೆ ಹುಟ್ಟಿ, ಒಂದೇ ದಿಕ್ಕಿಗೆ ಒಟ್ಟಾಗಿ ಸಾಗುತ್ತಿರುವ ಸಹೋದರಿಯರು ಅವರು. ನಮ್ಮ ಸೂರ್ಯನ ವಯಸ್ಸು 460 ಕೋಟಿ ವರ್ಷವಾದುದರಿಂದ, ನಾವು ತಾಯಂದಿರೆಂದು ಕರೆಯುವವರು ಅವನ ಮುಂದೆ ತೊಟ್ಟಿಲ ಕೂಸುಗಳು.

ಪುಂಜವನ್ನು ದಾಟಿ ಇನ್ನೂ 30 ಜ್ಯೋತಿರ್ವರ್ಷ ಆಚೆಗೆ ನಡೆದು, ಹಿಂದಿರುಗಿ ನೋಡುವುದೆಂದು ನಿಶ್ಚಯಿಸಿಕೊಂಡೆನು. ಅಲ್ಲಿಂದ ಕೃತ್ತಿಕೆಯ ಪ್ರಧಾನ ತಾರೆಗಳು, ತೋಳು ಚಾಚಿ ಹಿಡಿದ ಗೇಣಿಗಿಂತ ತುಸು ಕಡಮೆ ಅಗಲದಲ್ಲಿ ಹರಡಿಕೊಳ್ಳುವುವು. ಯೋಗತಾರೆಯಾದ ಆಲ್ಸಿಯೋನಿಯು ನಮ್ಮ ಗುರುಗ್ರಹದಷ್ಟು ಪ್ರಭೆಯಿಂದಲೂ, ಉಳಿದ ಐದು ಹೆಚ್ಚುಕಡಮೆ ಲುಬ್ಧಕನಕ್ಷತ್ರದಷ್ಟು ಪ್ರಭೆಯಿಂದಲೂ ಬೆಳಗುವುವು. ನಮ್ಮ ಇಡೀ ಆಕಾಶಕ್ಕೆ ಲುಬ್ಧಕವು ಒಂದೇ. ಅಲ್ಲಿ ಒಂದು ಗೇಣಿನೊಳಗೆ ಅಂಥ ಆರು ಜ್ಯೋತಿಗಳು! ಗ್ರೀಕರ ಕಥೆಯಲ್ಲಿ ಅಟ್ಲಾಸ್ ಮತ್ತು ಪ್ಲೆಯೋನಿ ಎಂಬ ತಂದೆತಾಯಿಗಳು ಏಳು ಹೆಣ್ಣುಮಕ್ಕಳ ಪಕ್ಕದಲ್ಲಿ ನಿಂತಿರುವರು. ನಮ್ಮ ಪಟದಲ್ಲಿ ಅವರಿರುವುದು ಎಡಗಡೆ. ಆಚೆಯಿಂದ ನೋಡುವವನಿಗೆ ಅವರು ಬಲಗಡೆಗೆ ಬರುವರು. ಕನ್ನಡಿಯೊಳಗಿನ ಬಿಂಬದಂತೆ ಎಡವು ಬಲವಾಗಿ, ಬಲವು ಎಡವಾಗಿ ತೋರುವುದು. ಹಳೆಯ ಕಾಲದ ಖಗೋಳದ ಗುಂಡುಗಳ ಮೇಲೆಯೂ ನಕ್ಷತ್ರಗಳನ್ನು ಹೀಗೆಯೇ ಹೊರಗಿನಿಂದ ಕಂಡಂತೆ ಬರೆಯುವ ವಾಡಿಕೆಯಿತ್ತು. ನೋಡುವವನು ಬ್ರಹ್ಮಾಂಡದ ಹೊರಗೆ ನಿಂತಿರುವನೆಂಬುದು ಆ ಗುಂಡುಗಳ ಭಾವ.

ಬಣ್ಣವನ್ನು ಹಚ್ಚುವಾಗ ಎರಡು ತೊಡಕುಗಳು ಬಂದವು. ಮೊದಲನೆಯದು ಮಂಜಿನದು. ಕೃತ್ತಿಕೆಯ ಛಾಯಾಚಿತ್ರಗಳನ್ನು ನೋಡಿದವರಿಗೆ ಅದರ ಸುತ್ತಲಿನ ನೀಲಿಯ ತೆಳುಪರದೆಯ ನೆನಪಿರಬಹುದು. ಅದರ ಒಂದು ಭಾಗವನ್ನು ಟೆಂಪೆಲ್ ಎಂಬವನು 1859ರಲ್ಲಿ ವೆನಿಸ್ ನಗರದಿಂದ ಮೊದಲು ಕಂಡನು. 1912ರಲ್ಲಿ ಅಮೆರಿಕದ ಸ್ಲೈಫರನು ಆ ಬೆಳಕನ್ನು ವಿಶ್ಲೇಷಿಸಿ, ಅದು ನಕ್ಷತ್ರಗಳ ಬೆಳಕೇ ಧೂಳಿನ ಮೇಲೆ ಬಿದ್ದು ಚದರಿದ್ದೆಂದು ತೋರಿಸಿದನು. ಆ ಧೂಳು ತಾರೆಗಳು ಹುಟ್ಟಿದ ಮನೆಯ ಉಳಿಕೆಯಲ್ಲ, ಅವು ತಮ್ಮ ಪ್ರಯಾಣದಲ್ಲಿ ಈಗ ಹಾದುಹೋಗುತ್ತಿರುವ ಬೇರೊಂದು ಮೇಘ. ಮೊಮ್ಮಗಳಿಗೆ ನೀಲಿಯು ಧಾರಾಳವಾಗಿ ಬೇಕಾಗಿತ್ತು. ಆದರೆ ಹರಡಿದ ಮಂಜಿಗೆ ಹತ್ತಿರ ಹೋದಷ್ಟೂ ಅದು ಅಗಲವಾಗುವುದೇ ಹೊರತು ಅದರ ಮೈಯ ಕಾಂತಿ ಹೆಚ್ಚುವುದಿಲ್ಲವೆಂಬುದು ಬೆಳಕಿನ ನಿಯಮ. ಗಂಟೆಗಟ್ಟಲೆ ಬೆಳಕನ್ನು ಕೂಡಿಹಾಕುವ ಛಾಯಾಯಂತ್ರಕ್ಕೆ ಕಂಡದ್ದು ಕಣ್ಣಿಗೆ ಕಾಣದು. ಆದುದರಿಂದ ನೀಲಿಯನ್ನು ಬಹಳ ನೀರಾಗಿ ಕಲಸಿ, ಇದೆಯೋ ಇಲ್ಲವೋ ಎಂಬಷ್ಟು ಮಾತ್ರ ಹಚ್ಚಿದೆನು.

ಎರಡನೆಯ ತೊಡಕು ದೊಡ್ಡದು. "ತಾತ, ಆ ಚಿತ್ರದಲ್ಲಿ ನಮ್ಮ ಸೂರ್ಯನನ್ನು ಮರೆಯದೆ ಹಾಕು. ಪಕ್ಕದಲ್ಲಿ ಬಾಣದ ಗುರುತು ಮಾಡಿ ನಿನ್ನ ಮನೆಯನ್ನೂ ನಮ್ಮ ಮನೆಯನ್ನೂ ಬರಿ" ಎಂದು ಅವಳ ಅಪ್ಪಣೆಯಾಗಿತ್ತು. ಕೃತ್ತಿಕೆಯ ಆಚೆಯಿಂದ ನಮ್ಮ ಕಡೆಗೆ ತಿರುಗಿ ನೋಡುವವನ ದೃಷ್ಟಿರೇಖೆಯನ್ನು ಮುಂದಕ್ಕೆ ಎಳೆದರೆ ಅದು ವೃಶ್ಚಿಕದ ತಲೆಯ ಕಡೆಗೆ, ಅನೂರಾಧೆಯ ಬಳಿಗೆ, ಹೋಗುವುದು. ಸೂರ್ಯನು ಆ ದಿಕ್ಕಿನಲ್ಲಿ ಇರಬೇಕು. ದಿಕ್ಕು ಸಿಕ್ಕಿತು, ಸೂರ್ಯನು ಸಿಕ್ಕಲಿಲ್ಲ. ಅಷ್ಟು ದೂರದಿಂದ ಅವನ ಪ್ರಭೆಯು, ಬರಿಗಣ್ಣಿಗೆ ಕಾಣುವ ಅತ್ಯಂತ ಮಂದವಾದ ನಕ್ಷತ್ರದ ಅರುವತ್ತರಲ್ಲಿ ಒಂದು ಪಾಲನ್ನೂ ಮುಟ್ಟದು. ಲುಬ್ಧಕವು ಕೂಡ ಅಲ್ಲಿಂದ ಬರಿಗಣ್ಣಿಗೆ ಅಗೋಚರ. ರೋಹಿಣಿಯೊಂದು ಮಾಸಲು ಚುಕ್ಕಿಯಾಗಿ ಉಳಿಯುವಳು. ನಾವು ಲೋಕಚಕ್ಷುವೆಂದು ಅರ್ಘ್ಯವೆತ್ತುವ ಆ ಸೂರ್ಯನಿಗೆ ಚಿತ್ರದಲ್ಲಿ ಒಂದು ಸೂಜಿಮೊನೆಯಷ್ಟು ಬಿಳಿಯನ್ನೂ ಇಡುವ ಅಧಿಕಾರ ನನಗಿರಲಿಲ್ಲ. ಇಟ್ಟರೆ ಚಿತ್ರ ಸುಳ್ಳಾಗುವುದು. ಇಡದಿದ್ದರೆ ಮಗುವಿನ ಮನಸ್ಸು ನೋಯುವುದು. ಕುಂಚವನ್ನು ಹಿಡಿದು ಎರಡು ಸಂಜೆ ಸುಮ್ಮನೆ ಕುಳಿತೆನು.

ಎರಡನೆಯ ಸಂಜೆ ನನ್ನ ಮನೆಯಾಕೆ ಕಾಫಿಯನ್ನು ತಂದು ಕಿಟಕಿಯ ಮೇಲಿಟ್ಟು, "ಏನು ಯೋಚನೆ?" ಎಂದಳು. ಹೇಳಿದೆನು. ಕಾಗದವನ್ನು ಬಹಳ ಹೊತ್ತು ನೋಡಿ, "ಸೂರ್ಯನೇ ಕಾಣದ ಮೇಲೆ ಭೂಮಿ ಎಲ್ಲಿಯದು? ಅಷ್ಟು ದೂರ ಹೋಗಿ ನೋಡುವವರಿಗೆ ಮೈಸೂರು ಯಾವುದು, ಆಕ್ಲೆಂಡ್ ಯಾವುದು? ನಮ್ಮ ಹುಡುಗಿ ನಮ್ಮ ಪಕ್ಕದಲ್ಲೇ ಇದ್ದ ಹಾಗಾಯಿತಲ್ಲ" ಎಂದಳು. ಅವಳು ಖಗೋಳವನ್ನು ಓದಿದವಳಲ್ಲ. ಆದರೆ ಆ ಮಾತಿನಲ್ಲಿ ಗಣಿತದ ಲೋಪವೇನೂ ಇಲ್ಲ. ಆಕ್ಲೆಂಡಿಗೂ ಮೈಸೂರಿಗೂ ಇರುವ ಅಂತರವನ್ನು ಬೆಳಕು ದಾಟುವುದಕ್ಕೆ ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲೂ ಬೇಡ. 470 ಜ್ಯೋತಿರ್ವರ್ಷದ ಆಚೆ ನಿಂತವನಿಗೆ ಅವೆರಡನ್ನೂ ಬೇರ್ಪಡಿಸಿ ತೋರಿಸುವ ಯಂತ್ರವು ಮನುಷ್ಯರ ಬಳಿ ಇಲ್ಲ. ಅವಳು ಕಾಫಿಯ ಲೋಟವನ್ನು ತೆಗೆದುಕೊಂಡು ಕೆಳಗಿಳಿದ ಮೇಲೆ, ಸೂರ್ಯನಿರಬೇಕಾದ ಆ ಜಾಗವನ್ನು ಬರಿಯ ಕಪ್ಪಾಗಿಯೇ ಬಿಟ್ಟೆನು. ಮರುದಿನ ಮೇಲಿನ ಕೋಣೆಗೆ ಹೋದಾಗ ಮಂಚದ ಮೇಲೆ ಹಾಸಿಗೆಯು ಮತ್ತೆ ಹರಡಿದ್ದಿತು.

ಸಂಸ್ಕೃತವನ್ನು ಕಲಿತವನಿಗೆ ಇಲ್ಲಿ ಒಂದು ಪ್ರಾಚೀನ ಕಥೆಯು ನೆನಪಾಗದೆ ಇರದು. ಶರವಣದಲ್ಲಿ ಹುಟ್ಟಿದ ಶಿಶುವಿಗೆ ಹಾಲೂಡಿಸಲು ಆರು ಮಂದಿ ಕೃತ್ತಿಕೆಯರು ಒಟ್ಟಿಗೆ ಬಂದರು. ಯಾವ ತಾಯಿಯ ಕಡೆಗೆ ಮೊದಲು ತಿರುಗಿದರೂ ಉಳಿದ ಐವರಿಗೆ ಬೆನ್ನು ತೋರಿಸಿದಂತಾಗುವುದು. ಶಿಶುವು ಆರು ಮುಖಗಳನ್ನು ತಾಳಿ, ಆರು ಮಂದಿಯನ್ನೂ ಅವರವರು ಕುಳಿತ ಕಡೆಯಿಂದಲೇ ಎದುರುನೋಡಿತು. ಅದಕ್ಕಾಗಿ ಅವನು ಷಣ್ಮುಖನಾದನು, ಷಾಣ್ಮಾತುರನಾದನು. ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಸಮಾಸದ ವಿಗ್ರಹವಾಕ್ಯಕ್ಕೇ ಗಂಟೆ ಹೊಡೆಯುತ್ತಿತ್ತು. ಒಂದು ಮುಖದವರಾದ ನಾವು ಒಬ್ಬರ ಕಡೆ ತಿರುಗಿದರೆ ಇನ್ನೊಬ್ಬರಿಗೆ ಬೆನ್ನಾಗುವುದು ಅನಿವಾರ್ಯ. ದೂರದೇಶದಲ್ಲಿ ಮನೆ ಮಾಡಿದ ಮಗಳಿಗೂ ಅದೇ ಸಂಕಟವಿದ್ದೀತೆಂದು, ಚಿತ್ರವನ್ನು ಬರೆಯುವಾಗ ಮೊದಲ ಬಾರಿ ನನಗೆ ಹೊಳೆಯಿತು. ಆರು ಮುಖಗಳು ನಮಗೆ ಬಾರವು. ಇನ್ನೊಬ್ಬರು ನಿಂತ ಕಡೆಗೆ ಮನಸ್ಸಿನಲ್ಲಿ ನಡೆದುಹೋಗಿ, ಅಲ್ಲಿಂದ ಒಮ್ಮೆ ನೋಡಿ ಹಿಂದಿರುಗುವಷ್ಟು ಶಕ್ತಿಯು ಮಾತ್ರ ಎಲ್ಲರಿಗೂ ಉಂಟು.

ಚಿತ್ರವು ಒಣಗಿದ ಮೇಲೆ ಎರಡು ರಟ್ಟುಗಳ ನಡುವೆ ಇಟ್ಟು ಅಂಚೆಯಲ್ಲಿ ಕಳುಹಿಸಿದೆನು. ಸೂರ್ಯನನ್ನು ಏಕೆ ಬರೆಯಲಿಲ್ಲವೆಂಬುದನ್ನು ಒಂದು ಕಾಗದದಲ್ಲಿ ಸರಳವಾಗಿ ವಿವರಿಸಿದೆನು. ಮೂರು ವಾರಗಳ ಬಳಿಕ ಮಗಳು ದೂರವಾಣಿಯಲ್ಲಿ ಮಾತನಾಡಿ, "ಅಪ್ಪಾ, ಚಿತ್ರ ತಲುಪಿತು. ಹೊಸ ಮನೆಯ ಗೋಡೆಗೆ ಮೊದಲನೆಯ ಮೊಳೆಯನ್ನು ಅದಕ್ಕಾಗಿಯೇ ಹೊಡೆದೆವು. ಆದರೆ ಯಾವ ಕಡೆ ಮೇಲೆಂದು ನೀವು ಬರೆದೇ ಇಲ್ಲವಲ್ಲ?" ಎಂದಳು. ಅಲ್ಲಿ ಮೇಲು ಕೆಳಗುಗಳಿಲ್ಲವಮ್ಮ, ನಿಮಗೆ ತೋರಿದಂತೆ ತೂಗುಹಾಕಿ ಎಂದೆನು. ಅಷ್ಟರಲ್ಲಿ ಮೊಮ್ಮಗಳು ತಾಯಿಯ ಕೈಯಿಂದ ದೂರವಾಣಿಯನ್ನು ಕಿತ್ತುಕೊಂಡು, ತಾನು ಅದಕ್ಕೊಂದು ಏರ್ಪಾಟನ್ನು ಮಾಡಿರುವುದಾಗಿ ತಿಳಿಸಿದಳು. ಚೌಕಟ್ಟಿನ ಮೇಲೂ ಕೆಳಗೂ ಎರಡು ಕಡೆ ದಾರವನ್ನು ಕಟ್ಟಿಸಿದ್ದಾಳಂತೆ. ಒಂದು ತಿಂಗಳು ಅವಳ ಕಡೆ ಮೇಲೆ, ಮರುತಿಂಗಳು ತಾತನ ಕಡೆ ಮೇಲೆ. ಈ ತಿಂಗಳು ನನ್ನ ಸರದಿ.